ಕಲಾಯಿ ಹಾಕಿದ ಹಾಡುಗಳು

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಲಿನ ಬೀದಿಗಳಲ್ಲಿ ಓಡಾಡಿದವರಿಗೆ ಬಿರಿಯಾನಿ ಬೇಯಿಸುವ ತಾಮ್ರದ ದೇಗ್‌ಗಳ ಪರಿಚಯ ಇದ್ದೇ ಇರುತ್ತದೆ. ಒಳಗಿನ ತವರದ ಲೇಪ ಸವೆದರೆ ತಾಮ್ರಕ್ಕೆ ಹುಳಿ ತಗುಲಿ ಕಿಲುಬು ಬಿಡುತ್ತದೆ. ಆಗ ಕಲಾಯಿಯವನು ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಕರಗಿದ ತವರವನ್ನು ಹತ್ತಿಯಿಂದ ಒಳಗೆಲ್ಲ ಸವರುತ್ತಾನೆ. ಪಾತ್ರೆ ಥಳಥಳಿಸುತ್ತದೆ. ಆದರೆ ಅದು ಅದೇ ಪಾತ್ರೆ. ಕಲಾಯಿಯವನು ಅದರ ತಳವನ್ನು ಕತ್ತರಿಸಿ, ಬೇರೆಯವರು ಬಡಿದ ತಳವೊಂದನ್ನು ಬೆಸೆದು, ‘ಇದೇ ನಿಮ್ಮ ಪಾತ್ರೆ, ಈಗ ಇನ್ನೂ ಚೆನ್ನಾಗಿದೆ’ ಎಂದರೆ ನಾವು ಒಪ್ಪುತ್ತೇವೆಯೇ?

ಈ ಪ್ರಶ್ನೆಯನ್ನು ಪಾತ್ರೆಯ ವಿಷಯದಲ್ಲಿ ಕೇಳುವುದು ಸುಲಭ. ಹಾಡಿನ ವಿಷಯದಲ್ಲಿ ನಾವು ಅಷ್ಟಾಗಿ ಕೇಳುವುದಿಲ್ಲ. ಹಳೆಯ ಆಲ್ಬಮ್‌ಗಳನ್ನು ‘ರೀಮಾಸ್ಟರ್’ ಮಾಡಿ ಹೊಸ ಹೊದಿಕೆಯಲ್ಲಿ ಮತ್ತೆ ಮಾರುವುದು ಕಳೆದ ಮೂರು ದಶಕಗಳಿಂದ ಸಂಗೀತ ಕಂಪೆನಿಗಳಿಗೆ ಒಳ್ಳೆಯ ವ್ಯಾಪಾರವಾಗಿದೆ. ಅದರ ನಿಷ್ಠಾವಂತ ಗಿರಾಕಿಗಳಲ್ಲಿ ಹೆವಿ ಮೆಟಲ್ ಅಭಿಮಾನಿಗಳು ಮುಖ್ಯರು. ಕ್ಯಾಸೆಟ್ಟಿನಲ್ಲಿ ಕೇಳಿದ್ದನ್ನು ಸಿ.ಡಿ.ಯಲ್ಲಿ, ಸಿ.ಡಿ.ಯಲ್ಲಿ ಕೇಳಿದ್ದನ್ನು ರೀಮಾಸ್ಟರ್ ಸಿ.ಡಿ.ಯಲ್ಲಿ, ಆಮೇಲೆ ಅದನ್ನೇ ದುಬಾರಿ ಕಪ್ಪು ರೆಕಾರ್ಡಿನಲ್ಲಿ ಕೊಂಡವರು ಬೆಂಗಳೂರಿನಲ್ಲೂ ಇದ್ದಾರೆ. ಅವರು ಮತ್ತೆ ಮತ್ತೆ ಕೊಳ್ಳುತ್ತಿರುವುದು ಏನನ್ನು? ಮಾರುವವರು ಕೊಡುತ್ತಿರುವುದು ಏನನ್ನು? ಇದನ್ನು ಸ್ವಲ್ಪ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ನಮ್ಮ ಪತ್ರಿಕೆಗೆ ಈ ವಿಷಯ ಯಾಕೆ ಎಂದು ಕೆಲವು ಓದುಗರು ಕೇಳಬಹುದು. ಸಂಗೀತದ ಬಗ್ಗೆ ಮುಸ್ಲಿಮರಲ್ಲಿ ಭಿನ್ನಾಭಿಪ್ರಾಯಗಳಿವೆ. ಅದರಲ್ಲೂ ತಲೆಬುರುಡೆ, ಭೂತದ ಚಿತ್ರಗಳನ್ನು ಹೊದಿಕೆಯ ಮೇಲೆ ಹಾಕಿಕೊಳ್ಳುವ ಮೆಟಲ್ ಎಂದರೆ ಹಿರಿಯರು ಹುಬ್ಬು ಗಂಟಿಕ್ಕುವುದು ಸಹಜ. ಆ ಚರ್ಚೆಯನ್ನು ತೀರ್ಮಾನಿಸಲು ನಾವು ಹೊರಟಿಲ್ಲ. ಇಂಡೋನೇಷ್ಯದ ಪಶ್ಚಿಮ ಜಾವಾದ ಗಾರುತ್‌ನಲ್ಲಿ 2014ರಲ್ಲಿ ಹಿಜಾಬ್ ಧರಿಸಿದ ಮೂವರು ಶಾಲಾ ಹುಡುಗಿಯರು ಕಟ್ಟಿದ ‘ವಾಯ್ಸ್ ಆಫ್ ಬಾಚೆಪ್ರೊಟ್’ ಎಂಬ ಮೆಟಲ್ ತಂಡ 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿತು ಎಂಬುದನ್ನು ನೆನಪಿಸಿದರೆ, ಈ ಸಂಗೀತ ಯಾರದೋ ಪರಲೋಕದ್ದಲ್ಲ ಎಂಬುದಷ್ಟು ಸ್ಪಷ್ಟವಾದೀತು. ಇಲ್ಲಿ ನಮ್ಮ ಕಾಳಜಿ ದುಡಿದವನ ಹೆಸರು ಮತ್ತು ಮಾರುವವನ ಪ್ರಾಮಾಣಿಕತೆಗೆ ಸಂಬಂಧಿಸಿದ್ದು. ಅದು ಸಂಗೀತ ಕೇಳುವವರಿಗೂ ಕೇಳದವರಿಗೂ ಸೇರಿದ ವಿಷಯ.

ದಂಡಿನ ಊರಿಗೆ ಬಂದ ಸದ್ದು

1809ರಲ್ಲಿ ಬ್ರಿಟಿಷರು ಸ್ಥಾಪಿಸಿದ ದಂಡು ಪ್ರದೇಶ ಪಶ್ಚಿಮದ ವಾದ್ಯಗಳನ್ನು ಬೆಂಗಳೂರಿಗೆ ಮೊದಲೇ ಪರಿಚಯಿಸಿತ್ತು. ಪಡೆಯ ಬ್ಯಾಂಡು, ಚರ್ಚಿನ ಆರ್ಗನ್ನು, ಮದುವೆ ಮೆರವಣಿಗೆಯ ಕ್ಲಾರಿನೆಟ್ಟು ಇವೆಲ್ಲ ಒಂದೇ ವಠಾರದ ಸದ್ದುಗಳಾದವು. ಗಿಟಾರು ಅದರ ಮುಂದುವರಿಕೆಯಾಗಿ ಬಂತು. 1998ರಲ್ಲಿ ಇಲ್ಲೇ ಹುಟ್ಟಿದ ‘ಕ್ರಿಪ್ಟೋಸ್’ ತಂಡ 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದವರೆಗೆ ಹೋಯಿತು. 2007ರ ಮಾರ್ಚ್ 17ರಂದು ‘ಐರನ್ ಮೇಡನ್’ ಅರಮನೆ ಮೈದಾನದಲ್ಲಿ ನುಡಿಸಿದಾಗ ದೇಶದ ಮೂಲೆಮೂಲೆಗಳಿಂದ ಹುಡುಗರು ರೈಲು ಹತ್ತಿ ಬಂದಿದ್ದರು. 2008ರಲ್ಲಿ ‘ಮೆಗಾಡೆತ್’ ಬಂತು. 2011ರ ಅಕ್ಟೋಬರ್ 28ರಂದು ಗುರಗಾಂವ್‌ನಲ್ಲಿ ನಡೆಯಬೇಕಿದ್ದ ‘ಮೆಟಾಲಿಕಾ’ ಕಾರ್ಯಕ್ರಮ ರದ್ದಾಗಿ ಗಲಾಟೆಯಾಯಿತು. ಎರಡು ದಿನಗಳ ನಂತರ, 30ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಅದೇ ತಂಡ ಸುಸೂತ್ರವಾಗಿ ನುಡಿಸಿತು.

ಈ ಅಭಿಮಾನಿಗಳ ಮೊದಲ ತಲೆಮಾರು ಬೆಳೆದದ್ದು ಕ್ಯಾಸೆಟ್ಟಿನ ಮೇಲೆ. ಒಬ್ಬನ ಬಳಿ ಇದ್ದ ಕ್ಯಾಸೆಟ್ಟಿನಿಂದ ಹತ್ತು ಜನ ನಕಲು ಮಾಡಿಕೊಳ್ಳುತ್ತಿದ್ದರು. ನಕಲಿನ ನಕಲಿನಲ್ಲಿ ಸದ್ದು ಮಂಕಾಗಿ, ಹಿಂದೆ ಸುಯ್ಯೆನ್ನುವ ಶಬ್ದ ಸೇರಿಕೊಳ್ಳುತ್ತಿತ್ತು. ಹಾಗೆ ಕೇಳಿದವನಿಗೆ ಕೈಯಲ್ಲಿ ನಾಲ್ಕು ಕಾಸು ಓಡಾಡಿದಾಗ ಅದೇ ಹಾಡನ್ನು ಶುಭ್ರವಾಗಿ ಕೇಳುವ ಆಸೆ ಹುಟ್ಟುವುದು ತಪ್ಪಲ್ಲ. ಅದನ್ನು ಕೇವಲ ಖರೀದಿಯ ಹುಚ್ಚು ಎಂದು ತಳ್ಳಿಹಾಕುವುದು ನ್ಯಾಯವಲ್ಲ. ರೀಮಾಸ್ಟರ್‌ನ ವ್ಯಾಪಾರ ನಿಂತಿರುವುದು ಈ ಆಸೆಯ ಮೇಲೆಯೇ.

ಮೂರು ಹಂತಗಳು

ಒಂದು ಆಲ್ಬಮ್ ತಯಾರಾಗುವುದು ಮೂರು ಹಂತಗಳಲ್ಲಿ. ಮೊದಲು ಪ್ರತಿಯೊಂದು ವಾದ್ಯವನ್ನೂ ದನಿಯನ್ನೂ ಟೇಪಿನ ಬೇರೆ ಬೇರೆ ಪಟ್ಟಿಗಳಲ್ಲಿ ಮುದ್ರಿಸುತ್ತಾರೆ. ಅವನ್ನು ಹದವಾಗಿ ಬೆರೆಸುವುದು ಎರಡನೆಯ ಹಂತ. ಡ್ರಮ್ಸ್ ಎಷ್ಟು, ಗಿಟಾರ್ ಎಷ್ಟು, ಹಾಡುಗಾರನ ದನಿ ಎಷ್ಟು ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ಹೀಗೆ ಬೆರೆಸಿದ್ದನ್ನು ರೆಕಾರ್ಡಿಗೋ ಸಿ.ಡಿ.ಗೋ ಹೊಂದುವಂತೆ ಒಟ್ಟಾರೆ ತಿದ್ದುವುದು ಮೂರನೆಯ ಹಂತ, ಅದೇ ಮಾಸ್ಟರಿಂಗ್. ಆದ್ದರಿಂದ ರೀಮಾಸ್ಟರ್ ಎಂದರೆ ಮೂರನೆಯ ಹಂತವನ್ನು ಮಾತ್ರ ಮತ್ತೆ ಮಾಡುವುದು. ಅದು ನಿಜಕ್ಕೂ ಕಲಾಯಿ. ಎರಡನೆಯ ಹಂತಕ್ಕೆ ಕೈಹಾಕಿದರೆ ಅದು ಬೇರೆ ಅಡಿಗೆ. ಮೊದಲನೆಯ ಹಂತಕ್ಕೇ ಕೈಹಾಕಿ ಹೊಸದಾಗಿ ನುಡಿಸಿ ಸೇರಿಸಿದರೆ ಪಾತ್ರೆಯೇ ಬದಲಾದಂತೆ. ಮಾರುಕಟ್ಟೆಯಲ್ಲಿ ಈ ಮೂರಕ್ಕೂ ಒಂದೇ ಚೀಟಿ ಅಂಟಿಸುವುದು ರೂಢಿಯಾಗಿಬಿಟ್ಟಿದೆ.

ಕಲಾಯಿಯಲ್ಲೂ ಒಳ್ಳೆಯದು ಕೆಟ್ಟದ್ದು ಎಂದಿದೆ. ತೊಂಬತ್ತರ ದಶಕದಿಂದ ಈಚೆಗೆ, ಪಕ್ಕದವನ ಸಿ.ಡಿ.ಗಿಂತ ನಮ್ಮದು ಜೋರಾಗಿ ಕೇಳಬೇಕು ಎಂಬ ಪೈಪೋಟಿಯಲ್ಲಿ ಮೆಲುದನಿಯನ್ನೂ ಜೋರುದನಿಯನ್ನೂ ಒಂದೇ ಮಟ್ಟಕ್ಕೆ ಎತ್ತಿಬಿಡುವ ಚಾಳಿ ಬೆಳೆಯಿತು. ಪಿಸುಮಾತೂ ಕೂಗೂ ಒಂದೇ ಎತ್ತರದಲ್ಲಿ ಬಂದರೆ ಕೂಗಿಗೆ ಬೆಲೆ ಉಳಿಯುವುದಿಲ್ಲ. 2008ರ ಸೆಪ್ಟೆಂಬರಿನಲ್ಲಿ ಬಂದ ಮೆಟಾಲಿಕಾದ ‘ಡೆತ್ ಮ್ಯಾಗ್ನೆಟಿಕ್’ ಇದರ ಕುಖ್ಯಾತ ಉದಾಹರಣೆ. ಒಂದು ವೀಡಿಯೊ ಆಟಕ್ಕಾಗಿ ಕೊಟ್ಟಿದ್ದ ಅದೇ ಹಾಡುಗಳು ಸಿ.ಡಿ.ಗಿಂತ ಹಿತವಾಗಿವೆ ಎಂದು ಕಂಡುಹಿಡಿದ ಅಭಿಮಾನಿಗಳು, ಆಲ್ಬಮನ್ನು ಮತ್ತೆ ಸರಿಯಾಗಿ ತಯಾರಿಸಿ ಕೊಡಿ ಎಂದು ಸಾವಿರಾರು ಸಹಿ ಹಾಕಿದರು. ಗಲಾಟೆಯ ಸಂಗೀತ ಎಂದು ಬೈಸಿಕೊಳ್ಳುವವರೇ ಗದ್ದಲ ಅತಿಯಾಯಿತು ಎಂದು ದೂರಿದ್ದು ತಮಾಷೆಯಾಗಿ ಕಂಡರೂ, ಅವರ ಕಿವಿಯ ಸೂಕ್ಷ್ಮತೆಗೆ ಅದು ಸಾಕ್ಷಿ.

ನಮಗೂ ಇದರ ಅನುಭವ ಹೊಸದಲ್ಲ. ಎಂಬತ್ತು–ತೊಂಬತ್ತರ ದಶಕದಲ್ಲಿ ಆಟೋಗಳಲ್ಲಿ, ಹೋಟೆಲುಗಳಲ್ಲಿ ಮೊಳಗುತ್ತಿದ್ದ ‘ಝಂಕಾರ್ ಬೀಟ್ಸ್’ ಕ್ಯಾಸೆಟ್ಟುಗಳನ್ನು ನೆನೆಯಿರಿ. ಹಳೆಯ ಹಿಂದಿ ಹಾಡಿನ ಮೇಲೆ ಯಂತ್ರದ ತಾಳವೊಂದನ್ನು ಹೇರಿ ಮಾರುತ್ತಿದ್ದರು. ಅಡಿಯಲ್ಲಿ ತಬಲಾ ಇದೆಯೋ ಢೋಲಕ್ ಇದೆಯೋ ತಿಳಿಯುತ್ತಿರಲಿಲ್ಲ. ಆದರೆ ಅದರ ಪರವಾಗಿ ಒಂದು ಮಾತು ಹೇಳಬೇಕು: ಹೊದಿಕೆಯ ಮೇಲೆಯೇ ಅದು ಝಂಕಾರ್ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಿತ್ತು. ಬೇಡದವನು ಮೂಲದ ಕ್ಯಾಸೆಟ್ಟನ್ನು ಕೇಳಿ ಪಡೆಯಬಹುದಿತ್ತು.

ತಳ ಬದಲಾಯಿಸಿದ ಪ್ರಕರಣ

2025ರ ಜುಲೈ 22ರಂದು ಇಂಗ್ಲೆಂಡಿನ ಗಾಯಕ ಆಜಿ ಆಸ್ಬರ್ನ್ ತೀರಿಕೊಂಡರು. ಅವರನ್ನು ನೆನೆಯುವವರೆಲ್ಲ ಹೆಸರಿಸುವ ಎರಡು ಆಲ್ಬಮ್‌ಗಳೆಂದರೆ 1980ರ ‘ಬ್ಲಿಝರ್ಡ್ ಆಫ್ ಆಜ್’ ಮತ್ತು 1981ರ ‘ಡೈರಿ ಆಫ್ ಎ ಮ್ಯಾಡ್‌ಮ್ಯಾನ್’. 1982ರಲ್ಲಿ ವಿಮಾನ ಅಪಘಾತದಲ್ಲಿ ಮಡಿದ ಗಿಟಾರ್ ವಾದಕ ರ್‍ಯಾಂಡಿ ರೋಡ್ಸ್ ನುಡಿಸಿದ್ದು ಆಜಿಯೊಂದಿಗಿನ ಈ ಎರಡು ಸ್ಟುಡಿಯೊ ಆಲ್ಬಮ್‌ಗಳಲ್ಲಿ ಮಾತ್ರ. ಅವುಗಳಲ್ಲಿ ಬೇಸ್ ಗಿಟಾರ್ ನುಡಿಸಿದವರು ಬಾಬ್ ಡೈಸ್ಲಿ, ಡ್ರಮ್ಸ್ ಲೀ ಕರ್ಸ್ಲೇಕ್. ಡೈಸ್ಲಿ ಹಾಡುಗಳ ರಚನೆಯಲ್ಲೂ ಪಾಲುದಾರರು. ಆದರೆ ಎರಡನೆಯ ಆಲ್ಬಮ್ ಹೊರಬರುವ ಹೊತ್ತಿಗೆ ಇಬ್ಬರನ್ನೂ ತಂಡದಿಂದ ಕೈಬಿಡಲಾಗಿತ್ತು. ಹೊದಿಕೆಯ ಮೇಲೆ ಅವರ ಜಾಗಕ್ಕೆ ಬಂದವರ ಹೆಸರುಗಳು ಅಚ್ಚಾದವು. ನುಡಿಸಿದವರು ಒಬ್ಬರು, ಹೆಸರು ಇನ್ನೊಬ್ಬರದು.

ಮುಂದೆ ಈ ಇಬ್ಬರು ಸಂಭಾವನೆಗಾಗಿ ಅಮೆರಿಕದಲ್ಲಿ ದಾವೆ ಹೂಡಿದರು. ಅದು ಗೆಲ್ಲಲಿಲ್ಲ. 2002ರಲ್ಲಿ ಈ ಎರಡೂ ಆಲ್ಬಮ್‌ಗಳ ಮರುಬಿಡುಗಡೆಯಾಯಿತು. ಹೊದಿಕೆಯ ಮೇಲೆ ಅದೇ ಚಿತ್ರ, ಅದೇ ಹೆಸರು. ಆದರೆ ಒಳಗೆ ಡೈಸ್ಲಿ, ಕರ್ಸ್ಲೇಕ್ ಇಬ್ಬರ ನುಡಿಸುವಿಕೆಯನ್ನೂ ಅಳಿಸಿ, ಆಗ ಆಜಿಯ ತಂಡದಲ್ಲಿದ್ದ ರಾಬರ್ಟ್ ಟ್ರುಹೀಯೊ ಮತ್ತು ಮೈಕ್ ಬೋರ್ಡಿನ್ ಅವರಿಂದ ಹೊಸದಾಗಿ ನುಡಿಸಿ ಸೇರಿಸಲಾಗಿತ್ತು. ಸತ್ತು ಇಪ್ಪತ್ತು ವರ್ಷವಾದ ರೋಡ್ಸ್‌ನ ಗಿಟಾರು, ತಾನು ಎಂದೂ ಜೊತೆಗೂಡದ ವಾದಕರೊಂದಿಗೆ ಕೇಳಿಬಂತು.

ಹೊಸಬರು ಸಾಮಾನ್ಯರಲ್ಲ. ಟ್ರುಹೀಯೊ 2003ರಲ್ಲಿ ಮೆಟಾಲಿಕಾ ಸೇರಿದರು. 2011ರಲ್ಲಿ ನಮ್ಮ ಅರಮನೆ ಮೈದಾನದಲ್ಲಿ ಬೇಸ್ ನುಡಿಸಿದವರು ಅವರೇ. ಅವರ ಕೈಚಳಕದ ಬಗ್ಗೆ ಎರಡು ಮಾತಿಲ್ಲ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದರೆ ನಮಗೆ ವ್ಯತ್ಯಾಸ ತಿಳಿಯುತ್ತದೆ. ಮೂಲದಲ್ಲಿ ಬೇಸ್, ಗಿಟಾರಿನ ಬೆನ್ನ ಹಿಂದೆ ಅಡಗಿ ಕೂರದೆ ಅದರೊಂದಿಗೆ ಮಾತಿಗೆ ಇಳಿಯುತ್ತದೆ. ಗಿಟಾರು ಏರುವಾಗ ಇದು ಇಳಿಯುತ್ತದೆ, ಅದು ನಿಂತಾಗ ಇದು ತುಂಬುತ್ತದೆ. ಒಂದೇ ಕೋಣೆಯಲ್ಲಿ ಕೂತು ಹಾಡು ಕಟ್ಟಿದವರ ನಡುವೆ ಮಾತ್ರ ಹುಟ್ಟುವ ಸಲುಗೆ ಅದು. ಹೊಸ ನುಡಿಸುವಿಕೆ ಲೆಕ್ಕಕ್ಕೆ ಸರಿ, ಬಿಗುವಾಗಿದೆ, ಆದರೆ ಆಗಲೇ ಮುಗಿದ ಮಾತುಕತೆಗೆ ಹೊರಗಿನವನು ಕೊಟ್ಟ ಉತ್ತರದಂತಿದೆ.

ಇದನ್ನು ಮೊದಲು ಹಿಡಿದವರು ಅಭಿಮಾನಿಗಳು, ಅದರಲ್ಲೂ ಹಳೆಯ ರೆಕಾರ್ಡನ್ನು ಜೋಪಾನ ಮಾಡಿದ್ದವರು. ಅವರ ಬಳಿ ಮೂಲ ಇಲ್ಲದಿದ್ದರೆ ಹೋಲಿಸಿ ನೋಡಲು ಏನೂ ಇರುತ್ತಿರಲಿಲ್ಲ. ಅವರ ಅಸಮಾಧಾನ ಆರಲಿಲ್ಲ. 2011ರಲ್ಲಿ ಬಂದ ಮೂವತ್ತನೆಯ ವರ್ಷದ ಆವೃತ್ತಿಯಲ್ಲಿ ಡೈಸ್ಲಿ ಮತ್ತು ಕರ್ಸ್ಲೇಕ್ ನುಡಿಸಿದ್ದನ್ನು ಮತ್ತೆ ಸೇರಿಸಲಾಯಿತು. ಕ್ಯಾನ್ಸರ್ ಪೀಡಿತರಾಗಿದ್ದ ಕರ್ಸ್ಲೇಕ್ ಕೊನೆಗಾಲದಲ್ಲಿ ಆಸ್ಬರ್ನ್ ದಂಪತಿಗಳನ್ನು ಕೇಳಿಕೊಂಡದ್ದು ಆ ಎರಡು ಆಲ್ಬಮ್‌ಗಳ ಪ್ಲಾಟಿನಂ ಫಲಕಗಳನ್ನು, ಗೋಡೆಗೆ ನೇತುಹಾಕಿಕೊಳ್ಳಲು. ಅವು ಅವರಿಗೆ ಸಿಕ್ಕವು. 2020ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಕಾರ್ಮಿಕನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂದು ಪ್ರವಾದಿಯವರು (ಸ) ಕಲಿಸಿದ್ದಾರೆ. ಇಲ್ಲಿ ನಾಲ್ಕು ದಶಕಗಳ ಮೇಲೆ ಒಬ್ಬ ಮುದುಕ ತನ್ನ ಕೆಲಸಕ್ಕೆ ಗುರುತನ್ನು ಕೇಳಿ ಪಡೆಯಬೇಕಾಯಿತು.

ನ್ಯಾಯದ ಹೆಸರಿನ ಆಲ್ಬಮ್

ಹಾಗಾದರೆ ಮೂಲವನ್ನು ಮುಟ್ಟದೆ ಇಡುವುದೇ ನ್ಯಾಯವೇ? ವಿಷಯ ಅಷ್ಟು ಸರಳವಲ್ಲ. ಮೆಟಾಲಿಕಾದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ಮಡಿದ ಮೇಲೆ ಜೇಸನ್ ನ್ಯೂಸ್ಟೆಡ್ ಆ ಜಾಗಕ್ಕೆ ಬಂದರು. ಅವರು ನುಡಿಸಿದ ಮೊದಲ ಪೂರ್ಣ ಆಲ್ಬಮ್ 1988ರ ‘ಅಂಡ್ ಜಸ್ಟಿಸ್ ಫಾರ್ ಆಲ್’, ಅಂದರೆ ‘ಎಲ್ಲರಿಗೂ ನ್ಯಾಯ’. ಅದರಲ್ಲಿ ಅವರ ಬೇಸ್ ಕೇಳುವುದೇ ಇಲ್ಲ ಎನ್ನುವಷ್ಟು ತಗ್ಗಿಸಲಾಗಿದೆ. ಹೆಸರಿನಲ್ಲೇ ನ್ಯಾಯ ಇಟ್ಟುಕೊಂಡ ಆಲ್ಬಮ್‌ನಲ್ಲಿ ಹೊಸಬನೊಬ್ಬನಿಗೆ ಆದ ಅನ್ಯಾಯ ಮೂವತ್ತು ವರ್ಷ ಅಭಿಮಾನಿಗಳ ಮಾತಿನಲ್ಲಿ ಉಳಿಯಿತು. 2018ರ ನವೆಂಬರಿನಲ್ಲಿ ಅದರ ರೀಮಾಸ್ಟರ್ ಬಂದಾಗ ಎಲ್ಲರೂ ಬೇಸ್ ಕೇಳಿಸೀತೆಂದು ಕಾದರು. ಕೇಳಿಸಲಿಲ್ಲ. ಇದು ಆ ಕಾಲದ ದಾಖಲೆ, ಅದನ್ನು ಬದಲಿಸಲಾರೆವು ಎಂಬುದು ತಂಡದ ನಿಲುವು. ಕಾಯಲಾರದ ಕೆಲವು ಅಭಿಮಾನಿಗಳು ತಾವೇ ಬೇಸ್ ಎತ್ತರಿಸಿದ ಆವೃತ್ತಿಗಳನ್ನು ಮಾಡಿಕೊಂಡರು.

ನಮ್ಮ ದೃಷ್ಟಿಯಲ್ಲಿ ತಂಡದ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳೆಯ ಹೆಸರಿನಡಿಯಲ್ಲಿ ಹೊಸ ಮಿಶ್ರಣವನ್ನು ತಂದಿದ್ದರೆ 2002ರ ತಪ್ಪಿನ ಹಾದಿಯನ್ನೇ ಹಿಡಿದಂತಾಗುತ್ತಿತ್ತು. 1988ರಲ್ಲಿ ಜನ ಕೇಳಿದ್ದು ಏನು ಎಂಬುದು ಚರಿತ್ರೆ. ಆದರೆ ಆ ಮರುಬಿಡುಗಡೆಯ ದೊಡ್ಡ ಪೆಟ್ಟಿಗೆಯಲ್ಲಿ ಹನ್ನೊಂದು ಸಿ.ಡಿ.ಗಳಿದ್ದವು. ಮೂಲವನ್ನು ಮೂಲವಾಗಿಯೇ ಇಟ್ಟು, ಹನ್ನೆರಡನೆಯ ತಟ್ಟೆಯೊಂದರಲ್ಲಿ, ಇದು 2018ರಲ್ಲಿ ಬೆರೆಸಿದ್ದು ಎಂದು ನಮೂದಿಸಿ, ನ್ಯೂಸ್ಟೆಡ್ ನುಡಿಸಿದ್ದನ್ನು ಕೇಳಿಸಲು ಏನು ಅಡ್ಡಿಯಿತ್ತು? ಅಳಿಸದೆ ಸೇರಿಸುವುದು, ಸೇರಿಸಿದ್ದನ್ನು ಹೇಳಿ ಸೇರಿಸುವುದು, ಇದು ಮರುಬಿಡುಗಡೆಯ ನ್ಯಾಯವಾದ ದಾರಿ. ಚರಿತ್ರೆಯ ಮೇಲಿನ ಗೌರವವೂ ವ್ಯಕ್ತಿಯ ಮೇಲಿನ ಗೌರವವೂ ಅಲ್ಲಿ ಒಟ್ಟಿಗೆ ಉಳಿಯುತ್ತವೆ.

ನಮ್ಮ ಮನೆಯ ಲೆಕ್ಕ

ಪರದೇಶದ ಈ ಜಗಳಗಳನ್ನು ಓದಿ ನಾವು ನಿಟ್ಟುಸಿರು ಬಿಟ್ಟು ಸುಮ್ಮನಾಗುವಂತಿಲ್ಲ. ಅಲ್ಲಿ ಕನಿಷ್ಠ ಬೇಸ್ ನುಡಿಸಿದವನ ಹೆಸರಿಗಾಗಿ ಜಗಳವಾದರೂ ಆಗುತ್ತದೆ. ನಮ್ಮ ಹಳೆಯ ಚಿತ್ರಗೀತೆಗಳ ರೆಕಾರ್ಡಿನ ಮೇಲೆ ಸಾಮಾನ್ಯವಾಗಿ ಇರುತ್ತಿದ್ದುದು ಗಾಯಕರು, ಸಂಗೀತ ನಿರ್ದೇಶಕರು, ಸಾಹಿತಿಗಳ ಹೆಸರು. ಪಿಟೀಲು ಯಾರದು, ಶಹನಾಯಿ ಯಾರದು, ಢೋಲಕ್ ಯಾರದು? ಎಷ್ಟೋ ಹಾಡುಗಳ ವಿಷಯದಲ್ಲಿ ಹೇಳಬಲ್ಲವರು ಇಂದು ಉಳಿದಿಲ್ಲ.

ಕಾನೂನು ಈ ದಿಕ್ಕಿನಲ್ಲಿ ಸ್ವಲ್ಪ ಮುಂದೆ ಬಂದಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿ, ತಾನು ನುಡಿಸಿದ್ದನ್ನು ತನ್ನದೆಂದು ಗುರುತಿಸಬೇಕೆಂದು ಕೇಳುವ ಹಕ್ಕನ್ನೂ, ಅದನ್ನು ವಿರೂಪಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನೂ ಕಲಾವಿದನಿಗೆ ಕೊಟ್ಟಿತು. ಹಳೆಯ ಹಾಡನ್ನು ಬೇರೆಯವರಿಂದ ಹಾಡಿಸಿ ಮಾರುವವರು ಅದು ಮರುಗಾಯನ ಎಂದು ಹೊದಿಕೆಯ ಮೇಲೆ ಹೇಳಬೇಕು, ಮೂಲ ಕಲಾವಿದರ ಹೆಸರನ್ನೋ ಚಿತ್ರವನ್ನೋ ಹಾಕಿ ದಾರಿ ತಪ್ಪಿಸಬಾರದು ಎಂಬ ನಿಯಮವೂ ಅದರಲ್ಲಿದೆ. ಎಂಬತ್ತರ ದಶಕದ ಅಗ್ಗದ ಕ್ಯಾಸೆಟ್ಟುಗಳ ಕಾಲದಲ್ಲಿ ಇಷ್ಟು ಸ್ಪಷ್ಟತೆ ಇದ್ದಿದ್ದರೆ ಎಷ್ಟೋ ಕೇಳುಗರು ಮೋಸ ಹೋಗುವುದು ತಪ್ಪುತ್ತಿತ್ತು. ಇನ್ನೊಂದು ಅಂಶ: ನಮ್ಮ ಕಾನೂನಿನಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಅರವತ್ತು ವರ್ಷಗಳಿಗೆ ಮುಗಿಯುತ್ತದೆ. ಅರವತ್ತರ ದಶಕದ ಮುದ್ರಣಗಳು ಒಂದೊಂದಾಗಿ ಆ ಗಡಿ ದಾಟುತ್ತಿವೆ. ಸಾಹಿತ್ಯ, ರಾಗಸಂಯೋಜನೆಗಳ ಹಕ್ಕು ಬೇರೆ, ಅದು ಉಳಿದಿರಬಹುದು. ಆದರೆ ಮುದ್ರಣ ಎಲ್ಲರ ಕೈಗೆ ಸಿಕ್ಕಾಗ ಯಾರು ಯಾವ ಕಲಾಯಿ ಹಾಕುತ್ತಾರೆ ಎಂಬುದು ನಮ್ಮದೇ ಪ್ರಶ್ನೆಯಾಗಲಿದೆ.

ಈ ಸಂದರ್ಭದಲ್ಲಿ ಗೌಹರ್ ಜಾನ್ ನೆನಪಾಗುತ್ತಾರೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗಾಗಿ ಹಾಡಿದ ಅವರು, ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಸಾರಿ ಹೇಳುತ್ತಿದ್ದರು. ರೆಕಾರ್ಡು ಅಚ್ಚಾಗುತ್ತಿದ್ದುದು ಜರ್ಮನಿಯಲ್ಲಿ. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂಬುದು ಅದರ ಉದ್ದೇಶ. ಬದುಕಿನ ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿ 17ರಂದು ಮೈಸೂರಿನಲ್ಲೇ ಅವರು ಕಣ್ಮುಚ್ಚಿದರು. ಅಂಥ ಹಳೆಯ ತಟ್ಟೆಯ ಕರಕರ ಸದ್ದನ್ನು ತೆಗೆಯುವ ಭರದಲ್ಲಿ ಯಂತ್ರ ದನಿಯ ಅಂಚನ್ನೂ ಒರೆಸಿಬಿಡಬಲ್ಲದು. ಕೊನೆಯ ಆ ಘೋಷಣೆಯನ್ನು ಯಾರಾದರೂ ಅನಗತ್ಯವೆಂದು ಕತ್ತರಿಸಿದರೆ ಹೋಗುವುದು ಒಬ್ಬ ಹೆಣ್ಣುಮಗಳು ತನ್ನ ಕೆಲಸಕ್ಕೆ ತಾನೇ ಹಾಕಿದ ಸಹಿ.

ಸಂಗ್ರಾಹಕನ ಹೊಣೆ

ಸಂಗ್ರಾಹಕರ ಬಗ್ಗೆಯೂ ಎರಡು ಮಾತು ಹೇಳಲೇಬೇಕು. 2018–19ರಲ್ಲಿ ಐರನ್ ಮೇಡನ್ ತನ್ನ ಹದಿನಾರು ಆಲ್ಬಮ್‌ಗಳ ರೀಮಾಸ್ಟರ್ ಸಿ.ಡಿ.ಗಳನ್ನು ನಾಲ್ಕು ನಾಲ್ಕರಂತೆ ನಾಲ್ಕು ಕಂತುಗಳಲ್ಲಿ ಬಿಟ್ಟಿತು. ಪ್ರತಿ ಕಂತಿನ ಒಂದೊಂದು ಆಲ್ಬಮ್ ಗೊಂಬೆಯೂ ಬಟ್ಟೆಗೆ ಹೊಲಿಯುವ ಲಾಂಛನವೂ ಇರುವ ಪೆಟ್ಟಿಗೆಯಲ್ಲೂ ಸಿಗುತ್ತಿತ್ತು. 2021ರ ಮೆಟಾಲಿಕಾ ಪೆಟ್ಟಿಗೆಯೊಂದರಲ್ಲಿ 14 ಸಿ.ಡಿ., 6 ಡಿ.ವಿ.ಡಿ.ಗಳಿದ್ದವು. ಗೊಂಬೆಯ ಸಲುವಾಗಿ ಕೊಂಡು, ಮೇಲಿನ ಪ್ಲಾಸ್ಟಿಕ್ಕನ್ನೂ ಹರಿಯದೆ, ಬೆಲೆ ಏರಲೆಂದು ಕಪಾಟಿನಲ್ಲಿ ಇಡುವುದು ಸಂಗೀತ ಪ್ರೇಮವಲ್ಲ. ಅದು ದುಂದು, ನಮ್ಮ ಧರ್ಮ ಇಸ್ರಾಫ್ ಎಂದು ಎಚ್ಚರಿಸಿದ ಕೆಲಸ.

ಆದರೆ ಅದೇ ಕಪಾಟು ಅಮಾನತ್ತೂ ಆಗಬಲ್ಲದು. ಇಂದು ಹೆಚ್ಚಿನವರು ಹಾಡು ಕೇಳುವುದು ಮೊಬೈಲಿನಲ್ಲಿ. ಕಂಪೆನಿ ಯಾವ ಆವೃತ್ತಿಯನ್ನು ಏರಿಸಿದೆಯೋ ಅದೇ ಮೂಲ ಎಂದು ಎಳೆಯರು ನಂಬುತ್ತಾರೆ. ನಾಳೆ ಅದನ್ನು ಬದಲಿಸಿದರೆ ಯಾರಿಗೂ ಗೊತ್ತಾಗದು. ‘ಮೆಗಾಡೆತ್’ 2004ರಲ್ಲಿ ತನ್ನ ಹಳೆಯ ಆಲ್ಬಮ್‌ಗಳನ್ನು ಹೊಸದಾಗಿ ಬೆರೆಸಿ ಹೊರತಂದಾಗ, 1990ರ ‘ರಸ್ಟ್ ಇನ್ ಪೀಸ್’ನ ಕೆಲವು ಭಾಗಗಳಲ್ಲಿ ಗಾಯನವನ್ನೇ ಮತ್ತೆ ಮುದ್ರಿಸಲಾಗಿತ್ತು. ಅದನ್ನಷ್ಟೇ ಕೇಳಿದವನಿಗೆ 1990ರ ದನಿ ಯಾವುದೆಂದು ತೋರಿಸಬಲ್ಲವನು ಹಳೆಯ ತಟ್ಟೆಯನ್ನು ಇಟ್ಟುಕೊಂಡವನೇ.

ಪ್ರವಾದಿಯವರು (ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗಿನ ತೇವವನ್ನು ಕಂಡು, ಇದನ್ನು ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಪ್ರಶ್ನಿಸಿದ ಪ್ರಸಂಗ ನಮಗೆಲ್ಲ ಗೊತ್ತು. ಮರುಬಿಡುಗಡೆಯನ್ನು ಕೊಳ್ಳುವವನು ಹಾಗೆ ರಾಶಿಯೊಳಗೆ ಕೈಯಿಡಬೇಕು. ಯಾವ ಟೇಪಿನಿಂದ ತೆಗೆದದ್ದು? ಬೆರಕೆ ಬದಲಾಗಿದೆಯೇ? ನುಡಿಸಿದವರೆಲ್ಲರ ಹೆಸರು ಇದೆಯೇ? ಈ ಮೂರಕ್ಕೂ ಹೊದಿಕೆಯ ಮೇಲೆ ಉತ್ತರವಿಲ್ಲದಿದ್ದರೆ ಎಷ್ಟೇ ಹೊಳೆಯುವ ಪೆಟ್ಟಿಗೆಯಾದರೂ ಬಿಟ್ಟು ಬರುವುದು ಲೇಸು.

1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯಲ್ಲಿ 2012ರ ಫೆಬ್ರವರಿ 25ರಂದು ಬೆಂಕಿ ಬಿದ್ದು ಅನೇಕ ಅಂಗಡಿಗಳು ಸುಟ್ಟುಹೋದವು. ವ್ಯಾಪಾರ ಮತ್ತೆ ಅಲ್ಲೇ ಚಿಗುರಿತು. ಅಂಥ ಹಳೆಯ ಕಟ್ಟಡಕ್ಕೆ ಸುಣ್ಣ ಬಣ್ಣ ಬೇಕು, ಸೋರುವ ಸೂರಿಗೆ ದುರಸ್ತಿ ಬೇಕು, ಇದಕ್ಕೆ ಯಾರ ತಕರಾರೂ ಇಲ್ಲ. ಆದರೆ ಮುಂಭಾಗವನ್ನು ಚೆಂದಗಾಣಿಸಿ, ಒಳಗೆ ತಲೆಮಾರುಗಳಿಂದ ಹಣ್ಣು, ಮೀನು ಮಾರುತ್ತ ಬಂದವರನ್ನು ಎಬ್ಬಿಸಿದರೆ, ಮೇಲೆ ಬರೆದ ಹೆಸರು ಮಾತ್ರ ರಸೆಲ್ ಮಾರುಕಟ್ಟೆ ಆಗಿರುತ್ತದೆ. ಹಳೆಯದನ್ನು ನವೀಕರಿಸುವವರು ಕಟ್ಟಡವಿರಲಿ ಹಾಡಿರಲಿ ಮೊದಲು ಕೇಳಬೇಕಾದದ್ದು, ಇದರೊಳಗೆ ದುಡಿದವರು ಯಾರು, ಕೆಲಸ ಮುಗಿದ ಮೇಲೂ ಅವರು ಇಲ್ಲಿ ಇರುತ್ತಾರೆಯೇ ಎಂದು.